ಉರಿ ತಗ್ಗಿಸಿದ ಪಾಕ: ಮುಂಬಾಪುರಿಯ ಮಾಧ್ವ ಗೃಹಗಳ ಬೇಸಿಗೆಯ ಅಡುಗೆ

ಅನ್ನಕ್ಕೂ ಅಗ್ನಿಗೂ ಇರುವ ನಂಟು ಅನಾದಿಯಾದುದು. ನಮ್ಮ ಪರಂಪರೆಯಲ್ಲಿ ಒಲೆಯ ಬೆಂಕಿಯನ್ನು ಕೇವಲ ಉರುವಲೆಂದು ಯಾರೂ ಎಣಿಸಿಲ್ಲ. ವೈಶ್ವದೇವದ ಆಹುತಿಯನ್ನು ಸ್ವೀಕರಿಸುವ ದೇವತೆಯೆಂದೇ ಅದನ್ನು ಕಂಡಿದ್ದಾರೆ. ಮಿಂದು ಮಡಿಯುಟ್ಟು ಒಲೆಗೆ ನಮಸ್ಕರಿಸಿ ಬೆಂಕಿ ಹೊತ್ತಿಸುವ ಸಂಪ್ರದಾಯ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಆದರೆ ಇದೇ ಪರಂಪರೆಯು ಬೆಂಕಿಯನ್ನು ಯಾವ ದಿನ ಹೊತ್ತಿಸಬಾರದು, ಯಾವ ಹೊತ್ತಿನಲ್ಲಿ ಆರಿಸಬೇಕು, ಯಾವ ಪದಾರ್ಥಕ್ಕೆ ಬೆಂಕಿಯ ಅಗತ್ಯವೇ ಇಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸಿದೆ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಭಕ್ತನ ಕೈಯಿಂದ ಪ್ರೀತಿಯಿಂದ ಸ್ವೀಕರಿಸುವೆನೆಂದು ಹೆಸರಿಸುವ ವಸ್ತುಗಳು ನಾಲ್ಕು: ಎಲೆ, ಹೂವು, ಹಣ್ಣು, ನೀರು. ಈ ನಾಲ್ಕರಲ್ಲಿ ಒಂದಕ್ಕೂ ಒಲೆಯ ಸಂಪರ್ಕವಿಲ್ಲವೆಂಬುದು ಗಮನಾರ್ಹ.

ಈ ಪಾಠದ ಬೆಲೆ ಊರಿನ ವಿಶಾಲವಾದ ಮನೆಗಳಲ್ಲಿ ಅಷ್ಟಾಗಿ ತಿಳಿಯುವಂತಿರಲಿಲ್ಲ. ಅದು ತಿಳಿದುಬಂದದ್ದು ಕಡಲತೀರದ ಈ ಮಹಾನಗರದಲ್ಲಿ, ಹತ್ತು ಹನ್ನೆರಡು ಅಡಿಯ ಖೋಲಿಯೊಳಗೆ, ವೈಶಾಖದ ಧಗೆಯಲ್ಲಿ. ಮುಂಬೈಗೆ ಬಂದು ನೆಲೆಸಿದ ಮಾಧ್ವ ಕುಟುಂಬಗಳು ಅಡುಗೆಮನೆಯನ್ನು ಕಾಯಿಸದೆ ಮನೆಮಂದಿಯ ಹಸಿವನ್ನು ತಣಿಸಿದ ಬಗೆಗೆ ಒಂದು ಇತಿಹಾಸವಿದೆ. ಅದನ್ನು ಯಾವ ಗ್ರಂಥವೂ ವಿವರವಾಗಿ ದಾಖಲಿಸಿಲ್ಲ. ತಾಯಂದಿರ ಕೈಗಳಲ್ಲಿ ಅದು ಉಳಿದುಬಂದಿದೆ.

ಊರಿನ ಪಾಕಶಾಲೆ

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರದ ಅಧ್ಯಯನಕ್ಕೆ ದೀರ್ಘವಾದ ಚರಿತ್ರೆಯಿದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅನ್ನಭೋಗವನ್ನು ವಿವರಿಸಿದಂತೆಯೇ ಪಾನೀಯಗಳ ಭೋಗವನ್ನೂ ವಿವರಿಸುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ. ತಣ್ಣನೆಯ ಪೇಯವು ಊಟದ ಒಂದು ಅಂಗವೆಂಬ ಭಾವನೆ ಈ ನಾಡಿಗೆ ಹೊಸತಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ತುಳುನಾಡಿನ ಹಳೆಯ ಮನೆಗಳಲ್ಲಿ ಅಡುಗೆಮನೆ ಎತ್ತರವಾದ ಮಾಡಿನ ಕೆಳಗಿರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಮುಳಿಹುಲ್ಲಿನ ಮಾಡುಗಳ ಜಾಗದಲ್ಲಿ ಕೆಂಪು ಹಂಚು ಬಂದಿತು. ಹಂಚುಗಳ ನಡುವಿನ ಸಂದುಗಳಿಂದ ಹೊಗೆಯೂ ಬಿಸಿಗಾಳಿಯೂ ತಾವಾಗಿಯೇ ಮೇಲೇರಿ ಹೊರಹೋಗುತ್ತಿದ್ದವು. ಪಕ್ಕದಲ್ಲೇ ಬಾವಿ, ಹಿತ್ತಲಿನಲ್ಲಿ ತೆಂಗು, ಬಾಳೆ, ಹಲಸು. ಒಲೆಯ ಮುಂದೆ ಬೆವರಿದವರು ಎರಡು ಹೆಜ್ಜೆಯಿಟ್ಟರೆ ತಂಪಾದ ಜಗಲಿಯಿತ್ತು. ಹೀಗಾಗಿ ಬೇಸಿಗೆಯಲ್ಲಿಯೂ ಎರಡು ಹೊತ್ತು ಒಲೆ ಉರಿಯುವುದು ಅಸಹನೀಯವೆನಿಸುತ್ತಿರಲಿಲ್ಲ.

ಹಾಗೆಂದು ಆ ಮನೆಗಳಲ್ಲಿ ಒಲೆಯ ಬೇಗೆ ಯಾರನ್ನೂ ಸುಡಲಿಲ್ಲವೆಂದಲ್ಲ. ಚಿಕ್ಕ ವಯಸ್ಸಿನಲ್ಲೇ ವೈಧವ್ಯವನ್ನು ಕಂಡು, ಜೀವಮಾನವಿಡೀ ಮಡಿಯುಟ್ಟು, ದೊಡ್ಡ ಕುಟುಂಬದ ಅಡುಗೆಯನ್ನೆಲ್ಲ ಹೊತ್ತು ಕಳೆದ ಅತ್ತೆಯಂದಿರೂ ದೊಡ್ಡಮ್ಮಂದಿರೂ ಅನೇಕರು. ಅವರು ಒಲೆಯ ಮುಂದೆ ಸವೆಸಿದ ಆಯುಷ್ಯವನ್ನು ಸಂಪ್ರದಾಯದ ವೈಭವವನ್ನು ಹೊಗಳುವಾಗ ಮರೆಯುವುದು ನ್ಯಾಯವಲ್ಲ.

ಮುಂಬೈಯ ಖೋಲಿ

ಮುಂಬೈಯ ಮಾಧ್ವ ಸಮಾಜ ಒಂದೇ ಊರಿನಿಂದ ಬಂದುದಲ್ಲ. ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮುಂಬೈ ಆಡಳಿತಕ್ಕೇ ಸೇರಿದ್ದವು. ಆದ್ದರಿಂದ ಆ ಭಾಗದ ದೇಶಸ್ಥ ಮಾಧ್ವರಿಗೆ ಮುಂಬೈ ರಾಜಧಾನಿಯೇ ಆಗಿತ್ತು. ಕಚೇರಿ, ನ್ಯಾಯಾಲಯ, ವಿದ್ಯಾಭ್ಯಾಸಗಳಿಗಾಗಿ ಅವರು ಇಲ್ಲಿಗೆ ಬಂದರು. ದಕ್ಷಿಣ ಕನ್ನಡದ ಶಿವಳ್ಳಿಯವರೂ ಗೌಡ ಸಾರಸ್ವತರೂ ಉದ್ಯೋಗವನ್ನರಸಿ ಬಂದರು. 1923ರ ಮಹಾ ನೆರೆಯ ಬಳಿಕ ಕರಾವಳಿಯಿಂದ ಹೊರಟವರ ಸಂಖ್ಯೆ ಹೆಚ್ಚಿತು. ಅವರಲ್ಲಿ ಅನೇಕರು ಹಿಡಿದ ವೃತ್ತಿ ಅಡುಗೆಯದೇ. ಹೀಗೆ ಮೂರು ಪಾಕಸಂಪ್ರದಾಯಗಳು ಒಂದೇ ನಗರದಲ್ಲಿ, ಕೆಲವೊಮ್ಮೆ ಒಂದೇ ಚಾಳಿನಲ್ಲಿ, ಕೂಡಿಬಂದವು.

ಆ ಕಾಲದ ಚಾಳುಗಳ ಇಕ್ಕಟ್ಟನ್ನು ತಿಳಿಯಲು ಒಂದು ಉದಾಹರಣೆ ಸಾಕು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಶಿವಡಿ, ಡಿಲೈಲ್ ರಸ್ತೆಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿಯ ವಿಸ್ತೀರ್ಣ ಸುಮಾರು 160 ಚದರಡಿ. ನಗರದ ಇತರ ಚಾಳುಗಳ ಖೋಲಿಗಳೂ ಹೆಚ್ಚುಕಡಿಮೆ ಇಷ್ಟೇ. ಮಲಗುವುದು, ಓದುವುದು, ದೇವರ ಪೂಜೆ, ಅಡುಗೆ, ಊಟ, ಎಲ್ಲವೂ ಅಷ್ಟರಲ್ಲೇ. ಒಂದು ಮೂಲೆಯಲ್ಲಿ ಮೋರಿ, ಇನ್ನೊಂದು ಮೂಲೆಯಲ್ಲಿ ಇದ್ದಿಲಿನ ಸಿಗಡಿ. ಸಿಗಡಿಯನ್ನು ಮೊದಲು ಹೊರಗಿನ ಸಾಮಾನ್ಯ ಗ್ಯಾಲರಿಯಲ್ಲಿಟ್ಟು ಹೊತ್ತಿಸಿ, ಹೊಗೆ ಕಳೆದು ಕೆಂಡವಾದ ಮೇಲೆ ಒಳಗೆ ತರುವುದು ರೂಢಿಯಾಗಿತ್ತು. ಹೊಗೆ ಹೊರಗುಳಿದರೂ ಶಾಖ ಒಳಗೇ ಉಳಿಯುತ್ತಿತ್ತು.

ಮುಂಬೈಯ ಬೇಸಿಗೆ ಒಳನಾಡಿನ ಬೇಸಿಗೆಯಂತಲ್ಲ. ಏಪ್ರಿಲ್, ಮೇ ತಿಂಗಳುಗಳ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1952ರ ಏಪ್ರಿಲ್ 14ರಂದು 42.2 ಡಿಗ್ರಿ, 1956ರ ಮಾರ್ಚ್ 28ರಂದು 41.7 ಡಿಗ್ರಿ ದಾಖಲಾದದ್ದುಂಟು. ಆದರೆ ಅವು ಅಪರೂಪದ ದಿನಗಳು. ಇಲ್ಲಿ ಜೀವವನ್ನು ಹಿಂಡುವುದು ಗಾಳಿಯಲ್ಲಿರುವ ತೇವ. ಬೆವರು ಆರಿದಾಗಲಷ್ಟೇ ದೇಹ ತಣಿಯುತ್ತದೆ. ಗಾಳಿಯೇ ನೀರಾವಿಯಿಂದ ತುಂಬಿದ್ದರೆ ಬೆವರು ಆರುವುದಿಲ್ಲ. ಇಂಥ ಖೋಲಿಯಲ್ಲಿ ಒಂದು ತಪ್ಪಲೆ ತೊಗರಿಬೇಳೆಯನ್ನು ಗಂಟೆಗಟ್ಟಲೆ ತೆರೆದು ಕುದಿಸಿದರೆ ಕೆಂಡದ ಶಾಖದ ಜೊತೆಗೆ ಆವಿಯೂ ಕೋಣೆಯನ್ನು ತುಂಬುತ್ತದೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ಆ ಆವಿ ಎಲ್ಲಿ ತಂಗುತ್ತದೆಯೋ ಅಲ್ಲಿ ಮನುಷ್ಯನ ಬೆವರು ನಿಂತುಬಿಡುತ್ತದೆ. ಇದನ್ನು ಲೆಕ್ಕ ಹಾಕಿ ತಿಳಿಯದಿದ್ದರೂ ಮೈಯಿಂದಲೇ ಅರಿತಿದ್ದ ಗೃಹಿಣಿಯರು ದೀರ್ಘಕಾಲ ಕುದಿಸುವ ಪದಾರ್ಥಗಳನ್ನು ಬೇಸಿಗೆಯಲ್ಲಿ ತಾವಾಗಿಯೇ ಕಡಿಮೆ ಮಾಡಿದರು.

ಮಡಿಯ ಕಟ್ಟು, ಹೊತ್ತಿನ ನೇಮ

ಇತರರಿಗೆ ಸುಲಭವಾದ ಒಂದು ದಾರಿ ಮಡಿವಂತ ಮನೆಗಳಿಗೆ ಮುಚ್ಚಿತ್ತು. ರಾತ್ರಿ ತಂಪು ಹೊತ್ತಿನಲ್ಲಿ ಬೇಯಿಸಿಟ್ಟು ಮರುದಿನ ಉಣ್ಣುವಂತಿರಲಿಲ್ಲ. ಹಳಸಿದ ಪಾಕ ನೈವೇದ್ಯಕ್ಕೆ ಸಲ್ಲದು. ಗೀತೆಯ ಹದಿನೇಳನೆಯ ಅಧ್ಯಾಯವು ಯಾಮ ಮೀರಿದ ಆಹಾರವನ್ನು ತಾಮಸದ ಸಾಲಿಗೆ ಸೇರಿಸುತ್ತದೆ. ದೇವರಿಗೆ ಸಮರ್ಪಿಸಿದ್ದನ್ನೇ ಉಣ್ಣಬೇಕು. ಸಮರ್ಪಿಸುವುದು ಅಂದಿನ ಪಾಕವೇ ಆಗಿರಬೇಕು. ಹಾಗಾದರೆ ಬಿಸಿಯಿಂದ ಪಾರಾಗುವ ಬಗೆ ಯಾವುದು?

ಉತ್ತರ ದಿನಚರಿಯಲ್ಲೇ ಅಡಗಿತ್ತು. ಬೆಳಗಿನ ಜಾವದ ಸ್ನಾನ, ಸೂರ್ಯ ಏರುವ ಮುನ್ನ ಒಂದೇ ಪಾಕ, ನೈವೇದ್ಯವಾದೊಡನೆ ಒಲೆಗೆ ವಿಶ್ರಾಂತಿ. ಈ ಕ್ರಮವನ್ನು ಮುಂಬೈಯ ಬದುಕು ಇನ್ನಷ್ಟು ಬಿಗಿಗೊಳಿಸಿತು. ಏಳೂವರೆಯ ಲೋಕಲ್ ಗಾಡಿ ಹಿಡಿಯುವ ಯಜಮಾನರ ಡಬ್ಬಿ, ಮಕ್ಕಳ ಶಾಲೆಯ ಡಬ್ಬಿ ಸಿದ್ಧವಾಗಬೇಕಾದರೆ ಐದು ಗಂಟೆಗೇ ಒಲೆ ಹೊತ್ತಬೇಕು. ಶಾಸ್ತ್ರದ ಬ್ರಾಹ್ಮೀಮುಹೂರ್ತವೂ ರೈಲ್ವೆಯ ವೇಳಾಪಟ್ಟಿಯೂ ಈ ನಗರದಲ್ಲಿ ಒಂದಾದುವು. ಎಂಟು ಗಂಟೆಗೆ ಸಿಗಡಿ ಆರಿದರೆ ಮಧ್ಯಾಹ್ನದ ಧಗೆಗೆ ಒಲೆಯ ಧಗೆ ಸೇರುತ್ತಿರಲಿಲ್ಲ. ರಾತ್ರಿಗೆ ಅನೇಕ ಮನೆಗಳಲ್ಲಿ ಫಲಾಹಾರ. ಶನಿವಾರ ರಾತ್ರಿಯಂತೂ ಅದು ನೇಮವೇ ಆಗಿತ್ತು.

ತಿಂಗಳಿಗೆ ಎರಡು ಬಾರಿ ಬರುವ ಏಕಾದಶಿಯಂದು ಒಲೆಗೂ ಉಪವಾಸ. ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಏಕಾದಶಿಯ ಮಹಿಮೆಯನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಉಪವಾಸದ ಗುರಿ ಹರಿಸ್ಮರಣೆಯೇ ಹೊರತು ಅಡುಗೆಮನೆಯ ತಂಪಲ್ಲ. ಆದರೂ ವರ್ಷದಲ್ಲಿ ಇಪ್ಪತ್ತನಾಲ್ಕು ದಿನ ಪಾಕಶಾಲೆ ತಣ್ಣಗಿರುತ್ತಿತ್ತು, ಪಾಕ ಮಾಡುವವರಿಗೂ ಬಿಡುವು ದೊರೆಯುತ್ತಿತ್ತು. ಮರುದಿನ ದ್ವಾದಶಿಯ ಪಾರಣೆ ಮುಂಜಾನೆಯೇ ಆಗಬೇಕಾದುದರಿಂದ ಆ ದಿನದ ಅಡುಗೆಯೂ ನಸುಕಿನ ತಂಪಿನಲ್ಲೇ ಮುಗಿಯುತ್ತಿತ್ತು.

ಮುಂಬೈಗೆ ಎರಡನೆಯ ಬೇಸಿಗೆಯೊಂದಿದೆ. ಮಳೆ ಹಿಂದೆ ಸರಿದ ಮೇಲೆ ಬರುವ ಅಕ್ಟೋಬರ್‌ನ ಸೆಖೆ ಅದು. ಚಾತುರ್ಮಾಸ್ಯದ ನಾಲ್ಕು ವ್ರತಗಳಲ್ಲಿ ಕೊನೆಯದಾದ ದ್ವಿದಳ ವ್ರತವು ಬಹುಪಾಲು ಇದೇ ಹೊತ್ತಿಗೆ ಬರುತ್ತದೆ. ಆಗ ಬೇಳೆಕಾಳುಗಳು ವರ್ಜ್ಯ. ಅಡುಗೆಯಲ್ಲಿ ಅತಿ ಹೆಚ್ಚು ಹೊತ್ತು ಬೇಯಬೇಕಾದದ್ದೇ ಬೇಳೆ. ದಧಿವ್ರತ ಕಳೆದು ಮೊಸರು ಮರಳಿರುವುದರಿಂದ ತೆಂಗಿನಕಾಯಿ ಮತ್ತು ಮಜ್ಜಿಗೆಯ ವ್ಯಂಜನಗಳೇ ಊಟವನ್ನು ತುಂಬುತ್ತವೆ. ವ್ರತ ಹುಟ್ಟಿದ್ದು ಮುಂಬೈಯ ಹವೆಗಾಗಿ ಅಲ್ಲ. ಆದರೆ ಮುಂಬೈಯ ಹವೆಗೆ ಅದು ಸೊಗಸಾಗಿ ಹೊಂದಿಕೊಂಡಿತು.

ಅಗ್ನಿ ಸೋಕದ ವ್ಯಂಜನಗಳು

ಮಾಧ್ವ ಗೃಹಗಳ ಬೇಸಿಗೆಯ ಎಲೆಯಲ್ಲಿ ಬೆಂಕಿ ಕಾಣದ ಅಥವಾ ಕ್ಷಣಮಾತ್ರ ಕಂಡ ಪದಾರ್ಥಗಳಿಗೆ ಗೌರವದ ಸ್ಥಾನವಿದೆ. ಎಲೆಯ ತುದಿಯಲ್ಲಿ ಮೊದಲು ಬೀಳುವ ಕೋಸಂಬರಿ ಅವುಗಳಲ್ಲಿ ಮುಖ್ಯವಾದುದು. ಹೆಸರುಬೇಳೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ನೀರು ಬಸಿದು, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಹಸಿಮೆಣಸು, ಕೊತ್ತಂಬರಿ ಬೆರೆಸಿ, ಬಡಿಸುವ ಹೊತ್ತಿಗೆ ಉಪ್ಪು ಮತ್ತು ನಿಂಬೆರಸ ಸೇರಿಸಿದರೆ ಮುಗಿಯಿತು. ಉಪ್ಪನ್ನು ಮೊದಲೇ ಹಾಕಿದರೆ ಸೌತೆ ನೀರೊಡೆದು ಕೋಸಂಬರಿ ಸಪ್ಪೆಯಾಗುತ್ತದೆಂಬುದು ಅನುಭವಿಗಳ ಮಾತು. ಹೆಸರುಬೇಳೆಗೆ ಬೇಯುವ ಅಗತ್ಯವಿಲ್ಲ. ನೀರೇ ಅದನ್ನು ಮೆದುಗೊಳಿಸುತ್ತದೆ.

ಜೊತೆಗೆ ಪಾನಕ. ಬೆಲ್ಲ ಕರಗಿಸಿ ಸೋಸಿದ ನೀರಿಗೆ ಏಲಕ್ಕಿ, ಒಣಶುಂಠಿ, ಕಾಳುಮೆಣಸಿನ ಪುಡಿ. ಬೆವರಿನಲ್ಲಿ ಕಳೆದುಹೋದ ನೀರನ್ನು ಬೆಲ್ಲದ ಸತ್ತ್ವದೊಡನೆ ದೇಹಕ್ಕೆ ಮರಳಿಸುವ ಈ ಪೇಯವು ರಾಮನವಮಿಯ ಪ್ರಸಾದವಾಗಿ ಆಬಾಲವೃದ್ಧರಿಗೆ ಪರಿಚಿತ. ಚೈತ್ರ ವೈಶಾಖಗಳಲ್ಲಿ ನಡೆಯುವ ವಸಂತಪೂಜೆಗಳಲ್ಲಿ ಪಾನಕ ಕೋಸಂಬರಿಗಳೇ ಪ್ರಧಾನ ನೈವೇದ್ಯ. ವೈಶಾಖದಲ್ಲಿ ನೀರು, ಮಜ್ಜಿಗೆ, ಪಾನಕ, ಬೀಸಣಿಗೆಗಳ ದಾನವನ್ನು ಹಿರಿಯರು ವಿಶೇಷವಾಗಿ ಹೇಳಿದ್ದಾರೆ. ಬಿಸಿಲಿನಲ್ಲಿ ಬಂದವನನ್ನು ತಣಿಸುವುದೇ ಆ ಮಾಸದ ಧರ್ಮ.

ಶಿವಳ್ಳಿಯವರ ಮನೆಯ ಹೆಮ್ಮೆ ತಂಬುಳಿ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಶುಂಠಿ, ದಾಳಿಂಬೆ ಸಿಪ್ಪೆ ಮೊದಲಾದವುಗಳಲ್ಲಿ ಒಂದನ್ನು ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಕೆಲವಕ್ಕೆ ಮಾತ್ರ ಒಂದು ಚಮಚ ತುಪ್ಪದಲ್ಲಿ ಬಾಡಿಸುವಷ್ಟು ಬೆಂಕಿ ಬೇಕು. ಒಂದೆಲಗ ಚಾಳಿನಲ್ಲಿ ದುರ್ಲಭವಾದರೂ ದೊಡ್ಡಪತ್ರೆ ಎಣ್ಣೆಯ ಹಳೆಯ ಡಬ್ಬಿಯಲ್ಲಿ, ಕಿಟಕಿಯ ಸರಳುಗಳ ನಡುವೆ, ತುಳಸಿಯ ನೆರೆಯಲ್ಲೇ ಹುಲುಸಾಗಿ ಬೆಳೆಯಿತು. ಗೌಡ ಸಾರಸ್ವತರ ಮನೆಗಳಲ್ಲಿ ಮಾವಿನ ಹಣ್ಣಿಗೆ ತೆಂಗು ಸಾಸಿವೆ ಅರೆದು ಬೆರೆಸಿದ ‘ಸಾಸಂ’, ಬೆಲ್ಲ ತೆಂಗಿನತುರಿ ಕಲಸಿದ ಅವಲಕ್ಕಿ. ದೇಶಸ್ಥರ ಮನೆಗಳಲ್ಲಿ ಹಸಿ ತರಕಾರಿಯ ಪಚಡಿ, ಮೊಸರು ಕಲಸಿದ ಚಟ್ನಿಪುಡಿ. ಹೆಸರು ಬೇರೆಯಾದರೂ ತತ್ತ್ವ ಒಂದೇ: ಬೇಯಿಸಿದ ಅನ್ನ ಒಂದು, ಅದರ ಸುತ್ತ ಬೇಯಿಸದ ವ್ಯಂಜನ ನಾಲ್ಕು.

ಇವೆಲ್ಲಕ್ಕೂ ಕಿರೀಟಪ್ರಾಯವಾದದ್ದು ಅವಲಕ್ಕಿ. ಭತ್ತವನ್ನು ನೆನೆಸಿ ಹುರಿದು ಕುಟ್ಟುವಾಗಲೇ ಅದರ ಬೆಂಕಿಯ ಕೆಲಸ ಮುಗಿದಿರುತ್ತದೆ. ಮನೆಯಲ್ಲಿ ನೀರು ಚಿಮುಕಿಸಿ, ತೆಂಗಿನತುರಿ, ಬೆಲ್ಲ ಅಥವಾ ಖಾರದ ಮಸಾಲೆ ಹಚ್ಚಿದರೆ ಊಟ ಸಿದ್ಧ. ಸುದಾಮನ ಹಿಡಿ ಅವಲಕ್ಕಿಯನ್ನು ಶ್ರೀಕೃಷ್ಣನು ಆಸೆಪಟ್ಟು ಸ್ವೀಕರಿಸಿದ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಬಡವರ ಆಹಾರವೆಂಬ ಸಂಕೋಚ ಬರಬೇಕಾಗಿಲ್ಲ.

ಬಿಸಿಲನ್ನೇ ಬೆಂಕಿಯಾಗಿ ಬಳಸಿದ ಜಾಣ್ಮೆಯೂ ಇಲ್ಲಿತ್ತು. ಚಾಳಿನ ಗಚ್ಚಿಯ ಮೇಲೆ ಏಪ್ರಿಲ್ ತಿಂಗಳಲ್ಲಿ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಒಣಗುತ್ತಿದ್ದವು. ಒಳಗೆ ಮುಂಬೈಯ ಸೆಖೆಯೇ ನಾಲ್ಕೈದು ಗಂಟೆಗಳಲ್ಲಿ ಹಾಲನ್ನು ಗಟ್ಟಿ ಮೊಸರಾಗಿಸುತ್ತಿತ್ತು, ನೆನೆಸಿದ ಹೆಸರುಕಾಳನ್ನು ಒಂದೇ ರಾತ್ರಿಯಲ್ಲಿ ಮೊಳಕೆಯೊಡೆಸುತ್ತಿತ್ತು. 1949ರಲ್ಲಿ ಗೋರೆಗಾಂವ್‌ನ ಆರೆ ಹಾಲು ಕಾಲೋನಿ ಆರಂಭವಾದ ಬಳಿಕ ನಗರದ ಮನೆಗಳಿಗೆ ಹಾಲು ಕ್ರಮವಾಗಿ ದೊರೆಯತೊಡಗಿತು. ಹಾಲು ನೆಚ್ಚುವಂತಾದರೆ ಮೊಸರು, ಮಜ್ಜಿಗೆ, ತಂಬುಳಿಗಳೂ ನೆಚ್ಚುವಂತಾದವು.

ಚೈತ್ರಗೌರಿಯ ಕೊಡುಕೊಳೆ

ಚಾಳಿನ ಜೀವನ ಮಾಧ್ವ ಗೃಹಿಣಿಯರಿಗೆ ಮರಾಠಿ ನೆರೆಹೊರೆಯನ್ನು ಒದಗಿಸಿತು. ಚೈತ್ರ ಶುಕ್ಲ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಮಹಾರಾಷ್ಟ್ರದ ಮನೆಗಳಲ್ಲಿ ಚೈತ್ರಗೌರಿಯ ಅರಿಸಿನ ಕುಂಕುಮ ನಡೆಯುತ್ತದೆ. ಅಲ್ಲಿ ಮುತ್ತೈದೆಯರಿಗೆ ಕೊಡುವುದು ನೆನೆಸಿದ ಕಡಲೆಬೇಳೆಯನ್ನು ತರಿತರಿಯಾಗಿ ಅರೆದು ತುರಿದ ಮಾವಿನಕಾಯಿ ಬೆರೆಸಿದ ‘ಆಂಬ್ಯಾಚಿ ಡಾಳ್’, ಕುಡಿಯಲು ಮಾವಿನಕಾಯಿಯ ‘ಪನ್ಹೆ’. ಉತ್ತರ ಕರ್ನಾಟಕದಲ್ಲಿಯೂ ಚೈತ್ರಗೌರಿಯ ಪೂಜೆಯಿದ್ದು ಅಲ್ಲಿಯ ದೇಶಸ್ಥ ಹೆಂಗಳೆಯರಿಗೆ ಇದು ತವರಿನ ಹಬ್ಬವೇ. ಉಡುಪಿಯ ಕಡೆಯವರಿಗೆ ಹೊಸತೆನಿಸಿದರೂ ಕೈಗೆ ಬಂದ ದ್ರೋಣದಲ್ಲಿದ್ದುದು ತಮ್ಮ ಮಾವಿನಕಾಯಿ ಕೋಸಂಬರಿಯೇ. ಮರಾಠಿಯ ‘ಕೋಶಿಂಬೀರ್’ ಮತ್ತು ನಮ್ಮ ‘ಕೋಸಂಬರಿ’ ಒಂದೇ ಮೂಲದ ಮಾತುಗಳೆಂಬುದು ಕೇಳಿದೊಡನೆ ಹೊಳೆಯುತ್ತದೆ.

ಕೊಂಕಣದವರ ಸೋಲಕಢಿ ಕೋಕಮ್ ಮತ್ತು ತೆಂಗಿನ ಹಾಲುಗಳಿಂದ, ಒಲೆಯ ಹಂಗಿಲ್ಲದೆ ಸಿದ್ಧವಾಗುತ್ತದೆ. ಅದೇ ಕೋಕಮ್ ತುಳುನಾಡಿನಲ್ಲಿ ಪುನರ್ಪುಳಿ. ಒಂದು ಬಟ್ಟಲು ತಂಬುಳಿ ಆ ಕಡೆಗೆ, ಒಂದು ಬಟ್ಟಲು ಸೋಲಕಢಿ ಈ ಕಡೆಗೆ ಗ್ಯಾಲರಿಯುದ್ದಕ್ಕೂ ಸಾಗಿದವು. ಬೇಯಿಸಿದ ಅನ್ನದ ವಿಷಯದಲ್ಲಿ ಮಡಿಯ ಕಟ್ಟುಪಾಡುಗಳಿದ್ದ ಮನೆಗಳಲ್ಲಿಯೂ ಹಣ್ಣು, ಮಜ್ಜಿಗೆ, ನೆನೆಸಿದ ಬೇಳೆಗಳ ವಿಷಯದಲ್ಲಿ ಕಟ್ಟು ಸಡಿಲವಾಗಿರುತ್ತಿತ್ತು. ಹೀಗೆ ಅಗ್ನಿ ಸೋಕದ ಆಹಾರವೇ ನೆರೆಹೊರೆಯ ಸ್ನೇಹಕ್ಕೆ ಸೇತುವೆಯಾಯಿತು.

ಮಾಟುಂಗದ ಪೇಟೆ ಈ ಸಂಸ್ಕೃತಿಗೆ ಬೆನ್ನೆಲುಬಾಗಿ ನಿಂತಿತು. ಬಾಳೆಲೆ, ಕರಿಬೇವು, ತೆಂಗು, ಬೂದುಗುಂಬಳ ಅಲ್ಲಿ ಸಿಕ್ಕವು. 1942ರಲ್ಲಿ ಎ. ರಾಮ ನಾಯಕರು ಮಾಟುಂಗ ನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸಂಸಾರವಿಲ್ಲದೆ ದುಡಿಯುತ್ತಿದ್ದ ಅನೇಕರಿಗೆ ಬಾಳೆಲೆಯ ಊಟ ನೀಡಿತು. ಒಂಟಿ ಖೋಲಿಗಳ ಹತ್ತಾರು ಒಲೆಗಳ ಕೆಲಸವನ್ನು ಒಂದು ದೊಡ್ಡ ಒಲೆ ವಹಿಸಿಕೊಂಡಿತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುಕೊಂಡ ಮೇಲೆ ಊರಿನ ಒಂದೆಲಗವೂ ಪುನರ್ಪುಳಿಯೂ ಹಿಂದಿನ ಸಂಜೆ ಚೀಲ ಸೇರಿ ಮರುದಿನ ಮುಂಬೈಯ ಅಡುಗೆಮನೆ ತಲುಪುವಂತಾಯಿತು.

ಉಪಕರಣಗಳ ಸರದಿ

ಒಲೆಯ ಮುಂದೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವ ಯಂತ್ರಗಳಿಗಾಗಿ ಹುಡುಕಾಟ ದೇಶದಲ್ಲಿ ಮೊದಲೇ ಆರಂಭವಾಗಿತ್ತು. 1910ರಲ್ಲಿ ಕಲ್ಕತ್ತದ ಡಾ. ಇಂದುಮಾಧವ ಮಲ್ಲಿಕ್ ಅವರು ರೂಪಿಸಿದ ‘ಇಕ್ಮಿಕ್ ಕುಕ್ಕರ್’ ಇಂಥದೊಂದು ಸಾಧನ. ಕೆಳಗೆ ಹಿಡಿ ಕೆಂಡ, ಮೇಲೆ ಒಂದರ ಮೇಲೊಂದು ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ. ಆವಿಯಲ್ಲಿಯೇ ಎಲ್ಲವೂ ನಿಧಾನವಾಗಿ ಬೇಯುತ್ತಿತ್ತು, ಯಾರೂ ಕಾಯಬೇಕಿರಲಿಲ್ಲ. ಯುರೋಪಿನಲ್ಲಿ ಯುದ್ಧಕಾಲದ ಗೃಹಿಣಿಯರು ಕುದಿಬಂದ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುದುಗಿಸಿ, ಉಳಿದ ಶಾಖದಲ್ಲೇ ಬೇಯಿಸುತ್ತಿದ್ದರು. ಅನ್ನದ ತಪ್ಪಲೆಯನ್ನು ಇಳಿಸಿ ಗೋಣಿ ಹೊದೆಸಿಡುವ ನಮ್ಮ ಅಜ್ಜಿಯಂದಿರ ಉಪಾಯದ ತತ್ತ್ವವೂ ಇದೇ. 1943ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಧಾನ್ಯದ ರೇಷನ್ ಜಾರಿಗೆ ಬಂದ ಆ ಕಷ್ಟದ ವರ್ಷಗಳಲ್ಲಿ ಇಂಥ ಮಿತವ್ಯಯ ಎಲ್ಲರಿಗೂ ಬೇಕಾಗಿತ್ತು.

ಇದ್ದಿಲಿನ ಬಳಿಕ ಸೀಮೆಎಣ್ಣೆಯ ಪಂಪು ಸ್ಟವ್, 1950ರ ದಶಕದಲ್ಲಿ ಬರ್ಮಾ ಶೆಲ್ ಕಂಪನಿಯ ಬರ್ಶೇನ್ ಸಿಲಿಂಡರ್, 1959ರಿಂದ ಮುಂಬೈಯ ಹಾಕಿನ್ಸ್ ಮತ್ತು ದಕ್ಷಿಣದ ಪ್ರೆಸ್ಟೀಜ್ ಪ್ರೆಷರ್ ಕುಕ್ಕರುಗಳು ಒಂದರ ಹಿಂದೊಂದು ಬಂದವು. ಕುಕ್ಕರಿನ ಮುಚ್ಚಿದ ಆವಿಯ ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ಗಂಟೆ ಬೇಯುತ್ತಿದ್ದ ಬೇಳೆ ಕಾಲು ಗಂಟೆಯಲ್ಲಿ ಬೆಂದಿತು, ಆವಿಯೂ ಒಳಗೇ ಉಳಿಯಿತು. ರಬ್ಬರಿನ ಉಂಗುರವಿರುವ ಪಾತ್ರೆ ನೈವೇದ್ಯದ ಮಡಿಗೆ ಸಲ್ಲುವುದೇ ಎಂಬ ಜಿಜ್ಞಾಸೆ ಕೆಲವು ಮನೆಗಳಲ್ಲಿ ನಡೆಯಿತು. ನೈವೇದ್ಯದ ಅನ್ನಕ್ಕೆ ಕಂಚಿನ ಪಾತ್ರೆ, ಮನೆಮಂದಿಯ ಬೇಳೆಗೆ ಕುಕ್ಕರ್ ಎಂದು ಕೆಲವರು ರಾಜಿ ಮಾಡಿಕೊಂಡರು. 1960ರ ದಶಕದಲ್ಲಿ ಮುಂಬೈಯಲ್ಲೇ ರೂಪುಗೊಂಡ ಸುಮೀತ್ ಮಿಕ್ಸರ್ ಅರೆಯುವ ಕಲ್ಲಿನ ದುಡಿಮೆಯನ್ನು ತಗ್ಗಿಸಿತು. ತಂಬುಳಿ, ಸಾಸಂ, ಹಸಿ ಗೊಜ್ಜುಗಳಿಗೆ ಬೆಂಕಿ ಬೇಡವಾದರೂ ತೋಳಿನ ಬಲ ಬೇಕಿತ್ತು. ಆ ಭಾರವೂ ಇಳಿಯಿತು.

ಇಲ್ಲೊಂದು ವಿಚಿತ್ರ ಸಂಭವಿಸಿತು. ಗ್ಯಾಸ್ ಒಲೆ ಗುಂಡಿ ತಿರುಗಿಸಿದೊಡನೆ ಹೊತ್ತುತ್ತದೆ. ಇದ್ದಿಲನ್ನು ಉಳಿಸಬೇಕೆಂಬ, ಸಿಗಡಿಯನ್ನು ಹೊರಗೆ ಹೊತ್ತಿಸಬೇಕೆಂಬ ನಿರ್ಬಂಧ ಇಲ್ಲವಾದಾಗ ಒಲೆಯನ್ನು ಬೇಗ ಆರಿಸಬೇಕೆಂಬ ಎಚ್ಚರವೂ ಸಡಿಲಿತು. ಕುಟುಂಬಗಳು ಚಾಳುಗಳಿಂದ ಮುಲುಂಡ್, ಡೊಂಬಿವಲಿ, ಬೊರಿವಲಿ, ಮೀರಾರೋಡ್‌ಗಳ ಫ್ಲ್ಯಾಟುಗಳಿಗೆ ಹೋದವು. ಪ್ರತ್ಯೇಕ ಅಡುಗೆಮನೆ ಸಿಕ್ಕಿತು. ಆದರೆ ಅದು ಬಹುತೇಕ ಒಂದೇ ಕಿಟಕಿಯ ಕಿರಿದಾದ ಕೋಣೆ. ಉರಿ ಆರೀತೆಂದು ಅಲ್ಲಿ ಫ್ಯಾನ್ ಹಾಕುವಂತಿಲ್ಲ. ಬೆಳಗ್ಗೆ ದೋಸೆ, ಮಧ್ಯಾಹ್ನ ಸಾರು ಹುಳಿ, ಸಂಜೆ ಕರಿದ ತಿಂಡಿ, ರಾತ್ರಿ ಬಿಸಿ ಚಪಾತಿ, ಹೀಗೆ ದಿನಕ್ಕೆ ನಾಲ್ಕು ಬಾರಿ ಒಲೆ ಹೊತ್ತುವುದು ಸಮೃದ್ಧಿಯ ಲಕ್ಷಣವೆನಿಸಿತು. ಕೋಸಂಬರಿ ಹಬ್ಬದ ಎಲೆಯ ತುದಿಗೆ, ತಂಬುಳಿ ಅಜ್ಜಿಯ ನೆನಪಿಗೆ ಸರಿದವು. ಮನೆಯ ಹಾಲ್‌ನಲ್ಲಿ ಎ.ಸಿ. ಬಂದರೂ ಅಡುಗೆಮನೆಯಲ್ಲಿ ನಿಲ್ಲುವವರಿಗೆ ಅದರ ತಂಪು ತಲುಪಲಿಲ್ಲ.

ಇಂದಿಗೆ ಸಲ್ಲುವ ಪಾಠ

ಸಮುದ್ರತೀರದ ಊರುಗಳಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. ಈಚಿನ ವರ್ಷಗಳಲ್ಲಿ ಮುಂಬೈ, ಠಾಣೆ, ರಾಯಗಡಗಳಿಗೆ ಇಂಥ ಮುನ್ನೆಚ್ಚರಿಕೆಗಳು ಮಾರ್ಚ್ ತಿಂಗಳಿನಿಂದಲೇ ಬರತೊಡಗಿವೆ. ಒಳ್ಳೆಯ ಗ್ಯಾಸ್ ಒಲೆಯಲ್ಲೂ ಶಾಖದ ಸುಮಾರು ಮೂರರಲ್ಲೊಂದು ಪಾಲು ಪಾತ್ರೆಗೆ ಸೇರದೆ ಅಡುಗೆಮನೆಗೇ ಸೇರುತ್ತದೆ. ಇಂಡಕ್ಷನ್ ಒಲೆ ಕೋಣೆಯನ್ನು ಕಡಿಮೆ ಕಾಯಿಸುತ್ತದೆ ನಿಜ. ಆದರೆ ಹಿತ್ತಾಳೆ, ಕಂಚು, ತಾಮ್ರದ ಪಾತ್ರೆಗಳು ಅದರ ಮೇಲೆ ಕಾಯುವುದಿಲ್ಲ. ದೇವರ ಪಾಕಕ್ಕೆ ಆ ಪಾತ್ರೆಗಳನ್ನೇ ಬಳಸುವ ಮನೆಗಳಲ್ಲಿ ಯಂತ್ರ ಬದಲಿಸಿದ ಮಾತ್ರಕ್ಕೆ ಸಮಸ್ಯೆ ಮುಗಿಯದು. ಒಲೆ ಉರಿಯುವ ಹೊತ್ತನ್ನೇ ತಗ್ಗಿಸುವುದು ಉಳಿದ ದಾರಿ.

ಬೆಂಕಿಯನ್ನು ಪೂರ್ಣವಾಗಿ ತೊರೆಯಬೇಕೆಂದು ಯಾರೂ ಹೇಳುವುದಿಲ್ಲ. 1929ರಲ್ಲಿ ಗಾಂಧೀಜಿಯವರು ಬೇಯಿಸದ ಆಹಾರದ ಪ್ರಯೋಗವನ್ನು ತಮ್ಮ ಮೇಲೆ ಮಾಡಿಕೊಂಡು, ಆರೋಗ್ಯ ಕೆಟ್ಟಾಗ ಕೆಲವು ತಿಂಗಳಲ್ಲೇ ಕೈಬಿಟ್ಟರು. ನಮ್ಮ ಹಿರಿಯರ ಮಾರ್ಗ ಮಧ್ಯಮವಾದುದು. ಮುಂಜಾನೆ ಒಂದು ಪಾಕ, ಅದರಲ್ಲಿ ಅನ್ನ ಮತ್ತು ಒಂದು ಬೆಂದ ಪದಾರ್ಥ; ಉಳಿದದ್ದು ಕೋಸಂಬರಿ, ತಂಬುಳಿ, ಮೊಸರು, ಹಣ್ಣು; ರಾತ್ರಿಗೆ ಅವಲಕ್ಕಿ, ಮಜ್ಜಿಗೆ. ಬೇಳೆಯನ್ನು ನೆನೆಸಿ ಬೇಯಿಸಿದರೆ ಉರಿಯ ಹೊತ್ತು ಇನ್ನೂ ಕಡಿಮೆ. ಒಂದು ಎಚ್ಚರ ಮಾತ್ರ ಅಗತ್ಯ: ಹಸಿ ತೆಂಗಿನಕಾಯಿಯೂ ನೆನೆದ ಬೇಳೆಯೂ ಮುಂಬೈಯ ಸೆಖೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತವೆ. ಅವನ್ನು ಊಟದ ಹೊತ್ತಿಗೇ ಕಲಸಬೇಕು, ಸೊಪ್ಪು ತರಕಾರಿಗಳನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಮಿಕ್ಕದ್ದನ್ನು ಇಡಬಾರದು. ಅಂದಿನದನ್ನು ಅಂದೇ ಎಂಬ ಮಡಿಯ ನೇಮ ಇಲ್ಲಿ ಆರೋಗ್ಯದ ನೇಮವೂ ಹೌದು.

ಇನ್ನೊಂದು ಮಾತು ಮನೆಯ ಗಂಡಸರಿಗೆ ಮತ್ತು ಮಕ್ಕಳಿಗೆ ಸೇರಿದ್ದು. ಸಮಾರಾಧನೆಗಳಲ್ಲಿ ನೂರಾರು ಜನರಿಗೆ ಪಾಕ ಮಾಡುವವರು ಗಂಡಸರೇ. ಉಡುಪಿಯ ಅಡುಗೆಗೆ ಜಗತ್ತಿನಲ್ಲಿ ಹೆಸರು ತಂದವರೂ ಅವರೇ. ಮನೆಯಲ್ಲಿ ಸೌತೆಕಾಯಿ ಹೆಚ್ಚಲು, ತೆಂಗಿನಕಾಯಿ ತುರಿಯಲು, ಮಜ್ಜಿಗೆ ಕಡೆಯಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಬೆಂಕಿಯಿಲ್ಲದ ಅಡುಗೆಯಲ್ಲಿ ಹತ್ತು ವರ್ಷದ ಮಗುವೂ ಸುಡುವ ಭಯವಿಲ್ಲದೆ ಕೈಗೂಡಿಸಬಲ್ಲದು. ಬಿಸಿಬಿಸಿ ಬೇಕೆಂದು ಹಟ ಹಿಡಿಯದೆ ತಂಪಾದ ಎಲೆಯನ್ನು ಸಂತೋಷದಿಂದ ಸ್ವೀಕರಿಸುವುದೂ ಒಂದು ಸಹಾಯವೇ.

ವೈಶಾಖದಲ್ಲಿ ದಾರಿಹೋಕನಿಗೆ ಪಾನಕ ಕೊಟ್ಟು, ಬೀಸಣಿಗೆ ದಾನ ಮಾಡಿ ಪುಣ್ಯ ಗಳಿಸುವ ಸಮಾಜ, ತನ್ನದೇ ಮನೆಯ ಒಲೆಯ ಮುಂದೆ ಬೆಂದು ಬಳಲುವ ತಾಯಿಯನ್ನೂ ಸೊಸೆಯನ್ನೂ ತಣಿಸಿದರೆ ಆ ದಾನ ಮನೆಯಿಂದಲೇ ಆರಂಭವಾದಂತಾಗುತ್ತದೆ. ಎಲೆ, ಹೂವು, ಹಣ್ಣು, ನೀರಿಗೆ ಒಲಿಯುವ ಭಗವಂತನು ಒಂದು ಬಟ್ಟಲು ಕೋಸಂಬರಿಗೂ ಒಂದು ಲೋಟ ಪಾನಕಕ್ಕೂ ಒಲಿಯದಿರುವನೇ?